ಸೀಲು ಭದ್ರವಾಗಿದೆ

ಅವನಿಗೆ ಗಿಣಿ ಅಂತ ಹೆಸರಿಟ್ಟವರು ರಾಡಾರ್ ಪಡೆಯವರು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಿ ಒಂದಿಷ್ಟು ಜಾಗ ಹಿಡಿದುಕೊಂಡು ಕೂತಿತ್ತು, ಅಷ್ಟೇ. ಆ ಹೆಸರು ಹಿಡಿದು ಕರೆದವರನ್ನು ಯಾರೂ ಕಂಡಿರಲಿಲ್ಲ. ಒಂದು ಸಲ ಕಿವಿಗೆ ಬಿದ್ದ ದನಿ ಅವನ ಗಂಟಲಿನಲ್ಲಿ ಕಾಯಂ ಬಾಡಿಗೆದಾರ. ಕಮಾಂಡರ್ ಬಯ್ಯುವ ಮೊದಲು ಗಂಟಲು ಕೆರೆದುಕೊಳ್ಳುವುದು, ಚಳಿಗೆ ಜನರೇಟರ್ ಮೂರು ಸಲ ಮುನಿಸಿಕೊಂಡು ನಾಲ್ಕನೆಯದಕ್ಕೆ ಒಲಿಯುವುದು, ಅಡುಗೆಯವನು ಸೌಟು ತಟ್ಟಿ ಮುಗೀತು ಅನ್ನುವುದು, ಎಲ್ಲ ಬರುತ್ತಿತ್ತು. ಅವನ ಸ್ವಂತ ದನಿ ಯಾವುದು ಅಂತ ಕೇಳಿದರೆ ಮಾತ್ರ ಹೇಳುವವರಿರಲಿಲ್ಲ.

ಅವನ ಪಟ್ಟಿಯಲ್ಲಿ ಎಲ್ಲರೂ ಮತ್ತೆ ಮತ್ತೆ ಕೇಳುತ್ತಿದ್ದ ದನಿ ಆಸ್ಪದ ಸಾಹೇಬರದು. ಅವರು ಈ ಪಡೆಗೆ ರಾಡಾರ್ ಯಂತ್ರ ಮಾರಿದ ದೇಶದಿಂದ ಆರು ತಿಂಗಳಿಗೊಮ್ಮೆ ಬರುವ ತಜ್ಞ. ಇಲ್ಲಿನ ಮಾತನ್ನು ಅದೆಷ್ಟು ಹಳೆಯ ಪುಸ್ತಕದಿಂದ ಕಲಿತಿದ್ದರೋ, ಟೀ ಬೇಕಾದರೆ "ಚಹಾಪಾನಕ್ಕೆ ಅವಕಾಶವಿರುವುದೇ?" ಅನ್ನುತ್ತಿದ್ದರು. ಯಂತ್ರದ ಬಗ್ಗೆ ಯಾರು ಏನೇ ಕೇಳಲಿ, ಅಂಗೈ ಎತ್ತಿ ಒಂದೇ ಉತ್ತರ: "ಚಿಂತೆಗೆ ಆಸ್ಪದವಿಲ್ಲ. ಎಲ್ಲವೂ ಒಳಗೇ ಇದೆ."

ಆ 'ಒಳಗೆ' ಅನ್ನುವುದು ರಾಡಾರ್ ಆಪರೇಟರ್ ಕೂರುವ ಮೇಜಿನ ಕೆಳಗಿದ್ದ ಒಂದು ಬೂದು ಬಣ್ಣದ ಪೆಟ್ಟಿಗೆ.

ಯಂತ್ರದ ಕೆಲಸ ಆಕಾಶ ಕಾಯುವುದು. ರಾಡಾರ್ ಅದರ ಕಣ್ಣು, ಕ್ಷಿಪಣಿ ಅದರ ಕೈ. ಕಣ್ಣು ಕಂಡದ್ದಕ್ಕೆ ಕೈ ಹೊಡೆಯಬೇಕು. ಹಗೆಯವರು ಬುದ್ಧಿವಂತರು, ಕೈಯ ತಂಟೆಗೆ ಬರುವುದಿಲ್ಲ, ನೇರವಾಗಿ ಕಣ್ಣಿಗೇ ಮಣ್ಣೆರಚುತ್ತಾರೆ. ರಾಡಾರ್ ಯಾವ ಚಾನೆಲ್‌ನಲ್ಲಿ ನೋಡುತ್ತಿದೆಯೋ ಅದೇ ಚಾನೆಲ್‌ಗೆ ದೂರದಿಂದ ರೇಡಿಯೋ ಗದ್ದಲ ಸುರಿದರೆ ತೆರೆಯೆಲ್ಲ ಬೆಳ್ಳಗಾಗಿ ಏನೂ ಕಾಣದು. ಆಗ ಆಪರೇಟರ್ ಬೇರೆ ಚಾನೆಲ್‌ಗೆ ಹಾರಬೇಕು. ಅಲ್ಲಿಗೂ ಗದ್ದಲ ಬಂದರೆ ಇನ್ನೊಂದಕ್ಕೆ. ಮಾರಿದವರ ಬಣ್ಣದ ಪುಸ್ತಕದಲ್ಲಿ ಹದಿನಾರು ಚಾನೆಲ್ ಅಂತ ದಪ್ಪಕ್ಷರದಲ್ಲಿತ್ತು. ಆದರೆ ಮೇಜಿನ ಮೇಲೆ ಇದ್ದ ಗುಂಡಿಗಳು ನಾಲ್ಕು. ಮಿಕ್ಕ ಹನ್ನೆರಡು ಯುದ್ಧಕ್ಕೆ ಮೀಸಲು, ಕೆಳಗಿನ ಪೆಟ್ಟಿಗೆಯಲ್ಲಿವೆ, ಮಾರಿದವರ ಲಿಖಿತ ಒಪ್ಪಿಗೆ ಬಂದ ಮೇಲೆ ಬಿಚ್ಚತಕ್ಕದ್ದು. ಅಲ್ಲಿಯವರೆಗೆ ಪೆಟ್ಟಿಗೆಗೆ ತಂತಿ, ತಂತಿಗೆ ಸೀಸದ ಸೀಲು. ಸೀಲು ಒಡೆದರೆ ವಾರಂಟಿ ಇಲ್ಲ. ವಾರಂಟಿ ಹೋದರೆ ಒಂದು ಬಲ್ಬೂ ಆ ದೇಶದಿಂದ ಬರುವುದಿಲ್ಲ.

ಹೀಗಾಗಿ ಪಡೆಯಲ್ಲಿ ಒಂದು ಪದ್ಧತಿ ಬೆಳೆಯಿತು. ಪ್ರತಿ ತಿಂಗಳ ಒಂದನೇ ತಾರೀಖು ಸೀಲು ತಪಾಸಣೆ. ಆರು ಯಂತ್ರ, ಆರು ಸೀಲು. ಒಬ್ಬ ಟಾರ್ಚು ಹಿಡಿಯಬೇಕು, ಒಬ್ಬ ಭೂತಗನ್ನಡಿ ಹಿಡಿಯಬೇಕು, ಸೀಸದ ಮೇಲಿನ ಏಳಂಕಿಯನ್ನು ಗಟ್ಟಿಯಾಗಿ ಓದಬೇಕು, ಇಬ್ಬರೂ ರಿಜಿಸ್ಟರಿನಲ್ಲಿ "ಸೀಲು ಭದ್ರವಾಗಿದೆ" ಅಂತ ಬರೆದು ಸಹಿ ಹಾಕಬೇಕು. ಮೂರನೇ ಯಂತ್ರದ ತಂತಿಗೆ ಇಲಿ ಹಲ್ಲು ತಾಗಿಸಿದ್ದಕ್ಕೆ ಹದಿನಾಲ್ಕು ದಿನ ವಿಚಾರಣೆ ನಡೆದಿತ್ತು. ಇಲಿ ಸಿಗಲಿಲ್ಲ, ಆಪರೇಟರನ ರಜೆ ಕತ್ತರಿಸಿದರು. "ಶೀಲ ಹೋದರೂ ಪರವಾಗಿಲ್ಲ ಕಣ್ರಯ್ಯಾ, ಸೀಲು ಹೋಗಬಾರದು," ಅಂತ ಗಿಣಿ ಕಮಾಂಡರ್ ಗಂಟಲಲ್ಲಿ ಹೇಳಿದರೆ ಕ್ಯಾಂಟೀನಿನಲ್ಲಿ ಲೋಟಗಳು ಉರುಳುತ್ತಿದ್ದವು.

ಎರಡನೇ ಯಂತ್ರದ ಆಪರೇಟರ್ ಗಿಣಿಯ ಭಾವ, ಅಂದರೆ ಅಕ್ಕನ ಗಂಡ. ಒಂದೇ ಪಡೆಯಲ್ಲಿ ಭಾವ ರಾಡಾರ್ ಕ್ಯಾಬಿನ್ನಿನಲ್ಲಿ, ಗಿಣಿ ಇನ್ನೂರು ಹೆಜ್ಜೆ ಆಚೆ ಟೆಲಿಫೋನ್ ಲಾರಿಯಲ್ಲಿ. ನಡುವೆ ಒಂದು ವೈರು. ಭಾವ ನಗಿಸುವವನಲ್ಲ, ನಗುವವನು. ನಾಲ್ಕು ವರ್ಷ ಪ್ರತಿ ಒಂದನೇ ತಾರೀಖು ಗಿಣಿ ಟಾರ್ಚು ಹಿಡಿದ, ಭಾವ ಏಳಂಕಿ ಓದಿದ. ಓದಿ ಮುಗಿಸಿ ಪೆಟ್ಟಿಗೆಯನ್ನು ಹಸುವಿನ ಬೆನ್ನು ತಟ್ಟಿದ ಹಾಗೆ ತಟ್ಟುತ್ತಿದ್ದ. "ಹನ್ನೆರಡು ಇದೆ ಕಣೋ ಬಾಮೈದ ಒಳಗೆ. ಬರಲಿ ಯಾರು ಬರ್ತಾರೋ."

ಬಂದರು.

ಬರುವ ಒಂದು ವಾರ ಮುಂಚೆಯೇ ಗಡಿಯಲ್ಲಿ ಹೊಗೆಯಾಡುತ್ತಿತ್ತು. ಪೆಟ್ಟಿಗೆ ಬಿಚ್ಚಲು ಒಪ್ಪಿಗೆ ಕೊಡಿ ಅಂತ ಇಲ್ಲಿಂದ ಪತ್ರ ಹೋಗಿತ್ತು. "ತಮ್ಮ ಪತ್ರ ತಲುಪಿದೆ, ಸಂಬಂಧಪಟ್ಟ ಸಮಿತಿಯ ಮುಂದಿನ ಸಭೆಯಲ್ಲಿ ಇಡಲಾಗುವುದು" ಅಂತ ಉತ್ತರ ಬಂದಿತ್ತು. ಸಮಿತಿ ಸೇರುವ ಮೊದಲೇ ವಿಮಾನಗಳು ಸೇರಿಕೊಂಡವು. ಬೆಳಿಗ್ಗೆ ಹನ್ನೊಂದು ಗಂಟೆ, ಸ್ವಚ್ಛ ಬಿಸಿಲು. ಎರಡನೇ ಯಂತ್ರದ ಬೆನ್ನಿಗೆ ಊರಿನ ವಿದ್ಯುತ್ ಸ್ಥಾವರ. ಅದನ್ನು ಕಾಯುವುದೇ ಅದರ ಕೆಲಸ.

ಅಲ್ಲಿಂದ ಎಂಟು ನಿಮಿಷ. ಆ ಎಂಟು ನಿಮಿಷದಲ್ಲಿ ಏನಾಯಿತು ಅನ್ನುವುದನ್ನು ಇಡೀ ಲೋಕದಲ್ಲಿ ಪೂರ್ತಿ ಕೇಳಿದವನು ಗಿಣಿ ಒಬ್ಬನೇ. ಭಾವ ಉಳಿಯಲಿಲ್ಲ. ಕ್ಯಾಬಿನ್ ಉಳಿಯಲಿಲ್ಲ. ಸ್ಥಾವರದ ಮೂರು ಟ್ರಾನ್ಸ್‌ಫಾರ್ಮರ್ ಹೊತ್ತಿ ಊರಿಗೆ ಹದಿನೇಳು ದಿನ ಕರೆಂಟಿಲ್ಲ.

ಕರೆಂಟಿಲ್ಲದ ಊರು ಯಾರನ್ನಾದರೂ ಬಯ್ಯಲೇಬೇಕಲ್ಲ. ಗಿಣಿಯ ಅಕ್ಕ ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಗಂಡ ಹೋದ ಹತ್ತನೇ ದಿನಕ್ಕೇ ಕೆಲಸಕ್ಕೆ ಹೋದಳು. ನೀರಿನ ಟ್ಯಾಂಕರಿನ ಸಾಲಿನಲ್ಲಿ ನಿಂತಾಗ ಹಿಂದಿನಿಂದ ಯಾರೋ ಅಂದರು: "ಇವಳ ಗಂಡ ಅಂತೆ. ತೂಕಡಿಸ್ತಾ ಕೂತಿದ್ನಂತೆ."

ಅಕ್ಕ ತಿರುಗಿ ನೋಡಲಿಲ್ಲ. ಮನೆಗೆ ಬಂದು ಬಿಂದಿಗೆ ಇಳಿಸಿ, ತಮ್ಮನನ್ನು ಎದುರಿಗೆ ಕೂರಿಸಿಕೊಂಡಳು.

"ನಾಳೆ ನಿನ್ನ ಸಾಕ್ಷಿ ಇದೆಯಲ್ಲ?"

"ಹೂಂ."

"ನನಗೆ ಅವರು ವಾಪಸ್ ಬರೋದು ಬೇಡ, ಅದು ಆಗೋದಲ್ಲ. ಪದಕ ಗಿದಕ ಬೇಡ. ಎಚ್ಚರವಾಗಿದ್ದರು ಅಂತ ಒಂದು ಸಾಲು ಬರೆಸ್ಕೊಂಡು ಬಾ. ಅಷ್ಟು ಮಾಡ್ತೀಯೇನೋ?"

"ಮಾಡ್ತೀನಕ್ಕ."

"ಕೋತಿ ಚೇಷ್ಟೆ ಮಾಡ್ಬೇಡ ಅಲ್ಲಿ."

ತನಿಖೆ ನಡೆದದ್ದು ತಾಲೀಮು ಶಾಲೆಯ ತರಗತಿಯಲ್ಲಿ. ಗೋಡೆಗೆ ಯಂತ್ರದ ಬಣ್ಣದ ಚಿತ್ರ. ಉದ್ದನೆಯ ಮೇಜಿನ ಹಿಂದೆ ಮೂವರು ಅಧಿಕಾರಿಗಳು, ಪಕ್ಕದಲ್ಲಿ ಕಮಾಂಡರ್, ಅವರ ಪಕ್ಕದಲ್ಲಿ ವಿಮಾನದಿಂದ ಇಳಿದು ನೇರ ಬಂದಿದ್ದ ಆಸ್ಪದ ಸಾಹೇಬರು, ಕೊನೆಗೆ ಒಬ್ಬ ಟೈಪಿಸ್ಟ್. ಮೇಜಿನ ಮಧ್ಯೆ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಬೂದಿಯಿಂದ ಹೆಕ್ಕಿದ ಸೀಸದ ತುಂಡು. ತಂತಿ ನೀಟಾಗಿ ಇಕ್ಕಳದಲ್ಲಿ ಕತ್ತರಿಸಿದ್ದು.

ಅಧ್ಯಕ್ಷರು ಕರಡು ವರದಿ ಓದಿದರು. ಆಪರೇಟರ್ ಸಕಾಲದಲ್ಲಿ ಎಚ್ಚರವಾಗಿರಲಿಲ್ಲ. ತಡವಾಗಿ ಗಾಬರಿಯಿಂದ ಸೀಲು ಒಡೆದ. ಅನಧಿಕೃತವಾಗಿ ಸೀಲು ಒಡೆದದ್ದರಿಂದ ಯಂತ್ರ ಕೆಲಸ ಮಾಡಲಿಲ್ಲ. ಓದಿ ಮುಗಿಸಿ ಗಿಣಿಯ ಕಡೆ ನೋಡಿದರು. "ನೀನು ಫೋನಿನಲ್ಲಿ ಕೇಳಿದ್ದನ್ನ ಹೇಳು. ಕೇಳಿದ್ದಷ್ಟನ್ನೇ ಹೇಳು."

ಗಿಣಿ ಎದ್ದು ನಿಂತ. ಅಕ್ಕನ ಮಾತು ನೆನಪಿತ್ತು. ನೆಟ್ಟಗೆ ನಿಂತು ನೆಟ್ಟಗೆ ಹೇಳಬೇಕು ಅಂದುಕೊಂಡೇ ಬಾಯಿ ತೆರೆದ. ಆದರೆ ಆ ಎಂಟು ನಿಮಿಷ ಅವನೊಳಗೆ ಮಾತಾಗಿ ಇರಲಿಲ್ಲ, ದನಿಯಾಗಿ ಇತ್ತು. ಬಂದದ್ದು ಭಾವನ ದನಿ.

"ಗಿಣಿ, ತೆರೆ ಬೆಳ್ಳಗಾಯ್ತು. ಎರಡಕ್ಕೆ ಹಾರಿದೆ. ಎರಡೂ ಬೆಳ್ಳಗೆ. ಮೂರು. ನಾಲ್ಕು. ನಾಲ್ಕೂ ಹಾಲು ಉಕ್ಕಿದ ಹಾಗಾಗಿದೆ ಕಣೋ. ಕಮಾಂಡರ್‌ನ ಕೊಡು."

ಟೈಪಿಸ್ಟ್ ಕೈ ನಿಂತಿತು. ಗಿಣಿ ಗಂಟಲು ಕೆರೆದುಕೊಂಡ. ಕೆರೆದುಕೊಂಡದ್ದು ಕಮಾಂಡರ್.

"ಏನಯ್ಯಾ?"

"ಸಾರ್, ನಾಲ್ಕೂ ಹೋಯ್ತು. ಪೆಟ್ಟಿಗೆ ಬಿಚ್ತೀನಿ, ಅಪ್ಪಣೆ ಕೊಡಿ."

"ಸೀಲು ಮುಟ್ಟೀಯೆ ಜೋಕೆ! ವಾರಂಟಿ ಹೋಗುತ್ತೆ."

"ಸಾರ್, ವಾರಂಟಿ ಇರುತ್ತೆ. ನಾವು ಹೋಗ್ತೀವಿ."

"ತಲೆಹರಟೆ ಮಾಡ್ಬೇಡ. ಮೇಲೆ ಕೇಳ್ತೀನಿ. ಲೈನಲ್ಲೇ ಇರು."

ಆಮೇಲೆ ಗಿಣಿ ತುಟಿ ಚೂಪು ಮಾಡಿದ. ಪ್ರಧಾನ ಕಚೇರಿಯ ಟೆಲಿಫೋನಿನಲ್ಲಿ ಕಾಯುವವರ ಬೇಸರ ಕಳೆಯಲು ಒಂದು ಕೊಳಲಿನ ರಾಗ ಹಾಕಿರುತ್ತಾರೆ. ಅದನ್ನು ಶಿಳ್ಳೆಯಲ್ಲಿ ಊದಿದ. ಟೈಪಿಸ್ಟ್‌ಗೆ ನಗು ತಡೆಯಲಾಗಲಿಲ್ಲ, ಕರವಸ್ತ್ರ ಬಾಯಿಗಿಟ್ಟುಕೊಂಡ. ಮೂವರಲ್ಲಿ ಒಬ್ಬ ಅಧಿಕಾರಿಯ ಮೀಸೆಯೂ ಅಲ್ಲಾಡಿತು.

"ಇದೇನು ನಾಟಕದ ಕಂಪನಿಯೇನಯ್ಯಾ?" ಅಧ್ಯಕ್ಷರು ಮೇಜು ಗುದ್ದಿದರು.

"ಸಾರ್, ಕೇಳಿದ್ದಷ್ಟನ್ನೇ ಹೇಳು ಅಂದ್ರಿ. ನಾನು ಕೇಳಿದ್ದು ಇದು. ಈ ಕೊಳಲು ಎರಡೂವರೆ ನಿಮಿಷ ಇದೆ ಸಾರ್, ಪೂರ್ತಿ ಊದಲೋ?"

ಅಧ್ಯಕ್ಷರು ಮುಂದಕ್ಕೆ ಹೋಗು ಅಂತ ಕೈಬೀಸಿದರು. ಗಿಣಿ ಮತ್ತೆ ಭಾವನಾದ.

"ಗಿಣಿ, ಇಕ್ಕಳ ತಗೊಂಡೆ." ನಾಲಿಗೆಯನ್ನು ಅಂಗುಳಕ್ಕೆ ಒತ್ತಿ 'ಟಕ್' ಅನ್ನಿಸಿದ. "ಎಂಟು ಸ್ಕ್ರೂ ಇದೆ. ಒಂದು ಬಂತು... ಎರಡು..." ಎಂಟನ್ನೂ ಎಣಿಸಿದ, ಅಂದು ಭಾವ ಎಣಿಸಿದಷ್ಟೇ ನಿಧಾನವಾಗಿ, ಅಷ್ಟೇ ಉಸಿರು ಬಿಗಿಹಿಡಿದು. ಎಂಟು ಮುಗಿದ ಮೇಲೆ ಮುಚ್ಚಳ ಎತ್ತಿಟ್ಟ ಸದ್ದು. ಆಮೇಲೆ ನಗು. ಭಾವನ ನಗು, ಹೊಟ್ಟೆಯಿಂದ ಬರುವಂಥದ್ದು.

"ಇಲ್ಲಿ ಏನೂ ಇಲ್ಲ ಕಣೋ. ಬರೀ ತಗಡು. ಹನ್ನೆರಡು ತೂತು ಕೊರೆದಿದ್ದಾರೆ, ಒಂದಕ್ಕೂ ಗುಂಡಿಯಿಲ್ಲ, ವೈರಿಲ್ಲ. ನಾಲ್ಕು ವರ್ಷ ತಗಡು ಕಾದಿದ್ದೀವಿ ಬಾಮೈದ. ನೀನು ಓಡು. ಅಕ್ಕನಿಗೆ..."

ಗಿಣಿ ಅಲ್ಲಿಗೆ ನಿಲ್ಲಿಸಿದ. ಅಂದು ವೈರು ನಿಂತದ್ದೂ ಅಲ್ಲಿಗೇ.

ಕೋಣೆಯಲ್ಲಿ ಈಗ ಯಾರ ಮೀಸೆಯೂ ಅಲ್ಲಾಡುತ್ತಿರಲಿಲ್ಲ. ಮೊದಲು ಚೇತರಿಸಿಕೊಂಡವರು ಆಸ್ಪದ ಸಾಹೇಬರು. ಅಂಗೈ ಎತ್ತಿದರು. "ಮೃತರ ವಿಷಯದಲ್ಲಿ ನನಗೆ ಅಪಾರ ಗೌರವವಿರುವುದು. ಆದಾಗ್ಯೂ ಅನುಕರಣೆಯು ಸಾಕ್ಷ್ಯವಲ್ಲ."

"ಸರಿ ಸಾರ್. ಇನ್ನೂ ಐದು ಯಂತ್ರ ಇವೆಯಲ್ಲ. ಒಂದನ್ನ ಬಿಚ್ಚಿ. ಎಂಟೇ ಸ್ಕ್ರೂ."

"ಬಿಚ್ಚಿದಲ್ಲಿ ವಾರಂಟಿಗೆ ಆಸ್ಪದವಿಲ್ಲ."

"ನಿಮ್ಮ ದೇಶದಲ್ಲೂ ಇದೇ ಯಂತ್ರ ಇದೆಯಲ್ಲ ಸಾರ್. ಅಲ್ಲಿ ಈ ಪೆಟ್ಟಿಗೆಯೊಳಗೆ ಏನಿದೆ?"

ಆಸ್ಪದ ಸಾಹೇಬರಿಗೆ ತಮ್ಮ ಯಂತ್ರದ ಮಾತು ಬಂದರೆ ಎದೆಯುಬ್ಬುತ್ತಿತ್ತು. ಎದೆಯುಬ್ಬಿದಾಗ ಬುದ್ಧಿ ಒಂದು ಕ್ಷಣ ಹಿಂದುಳಿಯಿತು. "ನಮ್ಮ ದೇಶದ ಯಂತ್ರಕ್ಕೆ ಪೆಟ್ಟಿಗೆಯೇ ಇರುವುದಿಲ್ಲ. ಹದಿನಾರು ಗುಂಡಿಗಳೂ ಮೇಜಿನ ಮೇಲೆಯೇ..." ಅಂದವರು ಬಾಯಿ ಮುಚ್ಚಿಕೊಂಡು ನೀರಿನ ಲೋಟಕ್ಕೆ ಕೈಚಾಚಿದರು.

"ಅದನ್ನ ಬರ್ಕೋಬೇಡ," ಅಂದರು ಅಧ್ಯಕ್ಷರು ಟೈಪಿಸ್ಟ್‌ಗೆ. "ಊಟದ ವಿರಾಮ."

ಕೈತೊಳೆಯುವ ತೊಟ್ಟಿಯ ಬಳಿ ಕಮಾಂಡರ್ ಬಂದು ಪಕ್ಕದ ನಲ್ಲಿ ತಿರುಗಿಸಿದರು. ಗಂಟಲು ಕೆರೆದುಕೊಳ್ಳಲಿಲ್ಲ. ಅದು ಬಿಟ್ಟರೆ ಅವರ ದನಿ ಇಷ್ಟು ಸಣ್ಣದು ಅಂತ ಗಿಣಿಗೆ ಗೊತ್ತೇ ಇರಲಿಲ್ಲ.

"ನೀನು ಹೇಳಿದ್ದು ನಿಜ."

ಗಿಣಿ ಸೋಪು ಉಜ್ಜುತ್ತಿದ್ದವನು ನಿಂತ.

"ದಾಳಿಯಾದ ಮಾರನೇ ದಿನವೇ ನಾನೊಬ್ಬನೇ ಹೋಗಿ ಐದನ್ನೂ ಬಿಚ್ಚಿ ನೋಡಿದೆ. ಐದೂ ಖಾಲಿ. ಉಗ್ರಾಣದಲ್ಲಿ ಹೊಸ ಸೀಲು ಇದ್ದವು, ಹಾಕಿ ಬಂದೆ. ರಿಜಿಸ್ಟರಿನಲ್ಲಿ ನಂಬರೂ ತಿದ್ದಿದ್ದೇನೆ."

"ಹಾಗಾದ್ರೆ ಒಳಗೆ ಹೋಗಿ ಹೇಳಿ ಸಾರ್!"

"ಹೇಳಿ? ಹೇಳಿದರೆ ಏನಾಗುತ್ತೆ ಯೋಚನೆ ಮಾಡಿದ್ದೀಯಾ? ನಮ್ಮ ಹತ್ತಿರ ಬರೀ ನಾಲ್ಕು ಅಂತ ಜಗತ್ತಿಗೆಲ್ಲ ಗೊತ್ತಾಗುತ್ತೆ. ಈಗ ಪೆಟ್ಟಿಗೆಯಲ್ಲಿ ಏನೋ ಇದೆ ಅಂತ ಹಗೆಯವರಿಗೆ ಸ್ವಲ್ಪವಾದರೂ ಅಂಜಿಕೆ ಇದೆ."

"ಅವರು ನಾಲ್ಕೇ ನಾಲ್ಕಕ್ಕೆ ಮಣ್ಣು ಹಾಕಿದ್ರು ಸಾರ್. ಐದನೇದರ ಗೊಡವೆಗೇ ಹೋಗ್ಲಿಲ್ಲ. ಅವರಿಗೆ ಗೊತ್ತಿದೆ. ಮಾರಿದವರಿಗೆ ಗೊತ್ತಿದೆ. ನಿಮಗೂ ಗೊತ್ತಾಯ್ತು. ಗೊತ್ತಿಲ್ಲದೇ ಇರೋದು ಒಳಗೆ ಕೂತಿರೋರಿಗೆ ಮಾತ್ರ."

ಕಮಾಂಡರ್ ನಲ್ಲಿ ನಿಲ್ಲಿಸಿದರು. "ಕೂತಿರೋರಿಗೆ ಗೊತ್ತಾದರೆ ಕೂರ್ತಾರಾ?"

ಗಿಣಿ ಕೈಯ ಸೋಪು ತೊಳೆದುಕೊಂಡ.

"ನೋಡು. ನಿನ್ನ ಭಾವ ನನಗೇನು ಹಗೆಯಾ? ಕರಡು ತಿದ್ದಿಸ್ತೀನಿ. ಎಚ್ಚರವಾಗಿದ್ದ, ಕೊನೆಯವರೆಗೂ ಕರ್ತವ್ಯ ಬಿಡಲಿಲ್ಲ ಅಂತ ಬರೆಸ್ತೀನಿ. ಸೀಲಿನ ಮಾತೇ ಬೇಡ, ಬೆಂಕಿಯಲ್ಲಿ ಕರಗಿತು ಅಂದರಾಯ್ತು. ನೀನು ಪೆಟ್ಟಿಗೆ ವಿಷಯ ವಾಪಸ್ ತಗೋ. ಇಲ್ಲ ಅಂದರೆ ಬೆಳಿಗ್ಗೆ ಓದಿದ್ದೇ ಉಳಿಯುತ್ತೆ, ನಿನ್ನ ಅಕ್ಕ ಜನ್ಮಪೂರ್ತಿ ಟ್ಯಾಂಕರ್ ಸಾಲಲ್ಲಿ ಆ ಮಾತು ಕೇಳ್ತಾ ನಿಂತಿರ್ತಾಳೆ. ಊರಿನ ಮಾತು ನನ್ನ ಕಿವಿಗೂ ಬಿದ್ದಿದೆ." ಒರೆಸಿಕೊಳ್ಳಲು ಟವೆಲ್ ಇರಲಿಲ್ಲ, ಒದ್ದೆ ಕೈಯನ್ನು ಗಿಣಿಯ ಹೆಗಲ ಮೇಲಿಟ್ಟರು.

ಮಧ್ಯಾಹ್ನ ಮೂರು ಗಂಟೆಗೆ ಗಿಣಿ ಸಹಿ ಹಾಕಿದ. ಸಹಿ ಮಾಡಿದವನ ಬಾಯಿಗೆ ಸಿಹಿ ಹಾಕುವುದೊಂದು ಬಾಕಿ. ಎಲ್ಲರೂ ಅಷ್ಟು ಮರ್ಯಾದೆಯಿಂದ ನಡೆಸಿಕೊಂಡರು. ಆಸ್ಪದ ಸಾಹೇಬರು ಕೈಕುಲುಕಿ, "ತಮ್ಮ ಅನುಕರಣ ಕಲೆ ಅಮೋಘ," ಅಂದರು.

ಅಕ್ಕ ವರಾಂಡದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಗಿಣಿ ವರದಿಯ ಪ್ರತಿ ಮುಂದಿಟ್ಟ. ಅವಳು ಕೆಂಪು ಪೆನ್ನು ಕೈಯಲ್ಲಿ ಹಿಡಿದೇ ಓದಿದಳು. ಎಚ್ಚರವಾಗಿದ್ದರು. ಕೊನೆಯವರೆಗೂ. ಎರಡು ಸಲ ಓದಿದಳು. ಕಣ್ಣು ತುಂಬಿತು. ಗಿಣಿಗೆ ಹದಿನೇಳು ದಿನದಲ್ಲಿ ಮೊದಲ ಸಲ ಉಸಿರು ಸಲೀಸಾಗಿ ಇಳಿಯಿತು.

ಆಮೇಲೆ ಅವಳು ಗಣಿತದ ಮೇಷ್ಟ್ರಾದಳು.

"ಇದರಲ್ಲಿ ಯಂತ್ರ ಯಾಕೆ ಹೊಡೀಲಿಲ್ಲ ಅಂತ ಬರೆದೇ ಇಲ್ಲವಲ್ಲೋ?"

"ಅದು... ಅವೆಲ್ಲ ತಾಂತ್ರಿಕ ವಿಷಯ ಅಕ್ಕ."

"ನೀನು ಸುಳ್ಳು ಹೇಳ್ವಾಗ ಮಾತ್ರ ನಿನ್ನ ಸ್ವಂತ ದನಿ ಬರುತ್ತೆ. ಚಿಕ್ಕಂದಿನಿಂದ ನೋಡಿದ್ದೀನಿ. ಹೇಳು."

ಗಿಣಿ ಹೇಳಿದ. ತಗಡು, ತೂತು, ಐದೂ ಖಾಲಿ, ತೊಟ್ಟಿಯ ಬಳಿಯ ಮಾತು. ಒಂದನ್ನೂ ಬಿಡಲಿಲ್ಲ. ಅಕ್ಕ ನಡುವೆ ಬಾಯಿ ಹಾಕದೆ ಕೇಳಿದಳು.

"ಒಂದು ಯಂತ್ರದಲ್ಲಿ ಎಷ್ಟು ಜನ ಕೂರ್ತಾರೆ?"

"ಮೂರು. ಅವತ್ತು ಇಬ್ಬರು ಜನರೇಟರ್ ಹತ್ತಿರ ಹೋಗಿದ್ರು, ಅದಕ್ಕೆ ಭಾವ ಒಬ್ಬರೇ..."

"ಐದು ಮೂರಲ." ಅವಳು ಹದಿನೈದು ಅನ್ನಲಿಲ್ಲ. ಯಾರದೋ ಉತ್ತರಪತ್ರಿಕೆಯ ಅಂಚಿನಲ್ಲಿ ಕೆಂಪು ಪೆನ್ನಿನಿಂದ ಬರೆದು, ಅಲ್ಲಿ ಬರೆಯಬಾರದಿತ್ತು ಅಂತ ನೆನಪಾಗಿ ಹೊಡೆದು ಹಾಕಿದಳು. "ನಾನೇ ಕೇಳಿದ್ದು ಕಣೋ. ಒಂದು ಸಾಲು ಸಾಕು ಅಂದೆ. ನೀನು ತಂದೆ. ನಿನ್ನ ಬಯ್ಯೋ ಹಾಗೂ ಇಲ್ಲ." ವರದಿಯನ್ನು ಎರಡು ಮಡಿಕೆ ಮಾಡಿ ಅವನ ಜೇಬಿಗೆ ತುರುಕಿದಳು. "ಇದನ್ನ ನೀನೇ ಇಟ್ಕೋ. ನಮ್ಮ ಮನೇಲಿ ಬೇಡ."

ಮುಂದಿನ ತಿಂಗಳು ಗಿಣಿಗೆ ಬಡ್ತಿ ಬಂತು: ಸೀಲು ತಪಾಸಣಾಧಿಕಾರಿ. ಇನ್ನು ಮುಂದೆ ಒಂದು ಪೆಟ್ಟಿಗೆಗೆ ಎರಡು ಸೀಲು ಅಂತ ತನಿಖೆಯ ಶಿಫಾರಸು ಬಂದಿತ್ತು.

ಒಂದನೇ ತಾರೀಖು ಬೆಳಿಗ್ಗೆ ಮೂರನೇ ಯಂತ್ರದ ಕ್ಯಾಬಿನ್ನಿಗೆ ಹತ್ತಿದ. ಹೊಸದಾಗಿ ವರ್ಗವಾಗಿ ಬಂದ ಆಪರೇಟರ್ ಎದ್ದು ನಿಂತು ಟಾರ್ಚು ಹಿಡಿದ. ನಲವತ್ತರ ಹತ್ತಿರದವನು, ತೆರೆಯ ಮೂಲೆಗೆ ಇಬ್ಬರು ಹೆಣ್ಣುಮಕ್ಕಳ ಫೋಟೋ ಸಿಕ್ಕಿಸಿದ್ದ. ಇನ್ನಿಬ್ಬರು ಹಿಂದೆ ಬಗ್ಗಿ ನೋಡುತ್ತಿದ್ದರು. ಗಿಣಿ ಭೂತಗನ್ನಡಿಯಲ್ಲಿ ಏಳಂಕಿ ಓದಿದ, ಇನ್ನೊಂದು ಏಳಂಕಿ ಓದಿದ.

"ಸಾರ್, ಒಳಗೆ ಏನಿದೆ?" ಆಪರೇಟರ್ ಕೇಳಿದ.

ಗಿಣಿ ಅಂಗೈ ಎತ್ತಿದ. "ಚಿಂತೆಗೆ ಆಸ್ಪದವಿಲ್ಲ. ಎಲ್ಲವೂ ಒಳಗೇ ಇದೆ."

ಮೂವರೂ ಬಿದ್ದು ಬಿದ್ದು ನಕ್ಕರು. ನಿಮ್ಮ ಬಗ್ಗೆ ನಾವು ಕೇಳಿದ್ದು ಸುಳ್ಳಲ್ಲ ಬಿಡಿ ಅಂದ ಒಬ್ಬ. ಇನ್ನೊಂದು ಮಾಡಿ ಸಾರ್ ಅಂದ ಮತ್ತೊಬ್ಬ.

ಗಿಣಿ ಫೋಟೋ ನೋಡಿದ. ಕ್ಯಾಬಿನ್ನಿನಿಂದ, ಬಾಂಬು ಬಿದ್ದಾಗ ಅಡಗುವ ಹೊರಗಿನ ಕಂದಕಕ್ಕೆ ಮೂವತ್ತು ಹೆಜ್ಜೆ. ಎಂಟು ಸ್ಕ್ರೂ ಬಿಚ್ಚುವ ಹೊತ್ತಿನಲ್ಲಿ ಎರಡು ಸಲ ಹೋಗಿ ಬರಬಹುದು. ಅವನು ಪೆಟ್ಟಿಗೆಯ ಬೆನ್ನು ತಟ್ಟಿದ, ಹಸುವಿನ ಬೆನ್ನು ತಟ್ಟಿದ ಹಾಗೆ. ಬಂದದ್ದು ಭಾವನ ದನಿ.

"ಬರೀ ತಗಡು ಕಣ್ರೋ. ನಾಲ್ಕೂ ಬೆಳ್ಳಗಾದ ದಿನ ಇದರ ತಂಟೆಗೆ ಬರಬೇಡಿ. ಇಕ್ಕಳ ಹುಡುಕಬೇಡಿ, ಫೋನ್ ಮಾಡಬೇಡಿ. ಬಾಗಿಲು ತೆಗೆದು ಕಂದಕಕ್ಕೆ ಹಾರಿ."

ಹೇಳಿ ಅವರ ಮುಖ ನೋಡಿದ. ಮೂವರೂ ಮತ್ತೆ ನಕ್ಕರು, ಮೊದಲಿನಷ್ಟಲ್ಲ, ಯಾರನ್ನು ಅಣಕಿಸಿದ್ದು ಅಂತ ತಿಳಿಯದವರು ಮರ್ಯಾದೆಗೆ ನಗುವ ಹಾಗೆ.

"ಇದು ಯಾರ ದನಿ ಸಾರ್?"

"ನೀವು ನೋಡಿಲ್ಲ," ಅಂದ ಗಿಣಿ.

ಆಪರೇಟರ್ ರಿಜಿಸ್ಟರ್ ಬಿಡಿಸಿ ಪೆನ್ನು ಕೊಟ್ಟ. ಹಿಂದಿನ ಪುಟಗಳಲ್ಲಿ ನಾಲ್ಕು ವರ್ಷದ ಒಂದೇ ಸಾಲು, ಒಂದರ ಕೆಳಗೊಂದು. ಗಿಣಿ ಅದರ ಕೆಳಗೆ, ಅಷ್ಟೇ ದುಂಡಗಿನ ಅಕ್ಷರದಲ್ಲಿ, ಸೀಲು ಭದ್ರವಾಗಿದೆ ಅಂತ ಬರೆದ. ಈಗ ಎರಡು ಸೀಲು ಅಂತ ನೆನಪಾಗಿ, 'ಸೀಲುಗಳು' ಅಂತ ತಿದ್ದಿ, ಸಹಿ ಹಾಕಿ, ನಾಲ್ಕನೇ ಯಂತ್ರದ ಕಡೆ ನಡೆದ.